ಬಾಣಂತಿ ತೋಳಕ್ಕೆ ಬ್ಯಾಡಗಿ ಹೊಗೆ

ಕುಪ್ಪೇಲೂರಿನ ಗಿರಿಯಪ್ಪನ ಎದುರಿಗೆ ಅವನ ಮೂಗಿನ ಬಗ್ಗೆ ಮಾತಾಡಬಹುದು, ತಳ್ಳಿದರೆ ಮಾತ್ರ ಚಾಲೂ ಆಗುವ ಅವನ ಮೋಟರ್ ಸೈಕಲ್ಲಿನ ಬಗ್ಗೆ ಮಾತಾಡಬಹುದು, ಪಂಚಾಯ್ತಿ ಚುನಾವಣೆಯಲ್ಲಿ ಅವನು ಸೋತದ್ದನ್ನು ಎತ್ತಿದರೂ ನಕ್ಕು ಸುಮ್ಮನಾಗುತ್ತಾನೆ. ಅವನ ಮೆಣಸಿನಕಾಯಿಯ ಸುದ್ದಿಗೆ ಮಾತ್ರ ಹೋಗಬಾರದು. ಅಸಲಿ ಬ್ಯಾಡಗಿ ಕಡ್ಡಿ ತಳಿಯ ಕಾಯಿ ಅದು, ಅಜ್ಜ ಕಾದಿಟ್ಟ ಬೀಜದ್ದು. ಬಣ್ಣ ಅಂದರೆ ಬಣ್ಣ. ಒಂದು ಕಾಯಿ ಸಾರಿಗೆ ಬಿದ್ದರೆ ಇಡೀ ಪಾತ್ರೆ ಮದುವೆ ಮನೆಯಂತೆ ಕೆಂಪಗೆ ಕಾಣುತ್ತದೆ. ಖಾರದ ಮಾತು ಬೇರೆ. ಬ್ಯಾಡಗಿ ಕಾಯಿಗೆ ಬಣ್ಣವನ್ನು ಬೊಗಸೆಯಲ್ಲಿ ಸುರಿದ ದೇವರು ಖಾರ ಹಾಕುವಾಗ ಚಿಟಿಕೆಯಲ್ಲಿ ಹಾಕಿದ ಎಂಬುದು ಸುತ್ತಲ ಊರಿಗೆಲ್ಲ ಗೊತ್ತು. ಅಡಿಗೆ ಮಾಡುವವರು ಅದಕ್ಕೇ ಅದನ್ನು ಹುಡುಕಿಕೊಂಡು ಬರುತ್ತಾರೆ. ಆದರೆ ಇದನ್ನು ಗಿರಿಯಪ್ಪನ ಮುಂದೆ ಹೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ, ಅವನ ಹೆಂಡತಿಯ ತಂಗಿ ಶಾರದವ್ವ ಒಬ್ಬಳನ್ನು ಬಿಟ್ಟು.

ಶಾರದವ್ವ ಮತ್ತು ಅವಳ ಅಕ್ಕ ರೇಣುಕವ್ವ ಒಂದೇ ಊರಿಗೆ ಸೊಸೆಯರಾಗಿ ಬಂದವರು. ಶಾರದವ್ವನ ಗಂಡ ಅಂಜಿನಪ್ಪ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ವಾಚ್‌ಮನ್. ವಾರಕ್ಕೊಮ್ಮೆ ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ, ಹೋಗುತ್ತಾನೆ. ಮನೆಯ ಮಾತಿನ ಬಾಬತ್ತನ್ನೂ ಹೊಲದ ಬಾಬತ್ತನ್ನೂ ಹೆಂಡತಿಗೇ ಬಿಟ್ಟುಕೊಟ್ಟು ನಿಶ್ಚಿಂತೆಯಿಂದ ಇದ್ದಾನೆ. ಊರ ಮೂಡಲಿಗೆ ಹುಲ್ಲು ಬೆಳೆದ ದಿಬ್ಬಗಳ ಮಟ್ಟಿ, ಅದಕ್ಕೆ ಅಂಟಿಕೊಂಡೇ ಅವರ ಎರೆಹೊಲ. ಆ ಹೊಲದಲ್ಲಿ ಈ ಸಲ ಕಡಲೆ ನಿಂತಿತ್ತು. ನಿಂತಿತ್ತು ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಬೇಕು. ಯಾಕೆಂದರೆ ಹಿಂದೆಲ್ಲ ಬಿತ್ತುವವಳು ಶಾರದವ್ವ, ಚಿಗುರು ತಿನ್ನುವುದು ಜಿಂಕೆ ಜಾತಿಯ ಚಿಗರಿ ಹಿಂಡು, ಉಳಿದದ್ದನ್ನು ಬುಡಮೇಲು ಮಾಡುವುದು ಕಾಡುಹಂದಿ. ಅವಳ ಪಾಲಿಗೆ ಬರುತ್ತಿದ್ದುದು ಬರೀ ಬೈಗುಳ, ಅದೂ ಅವಳೇ ಬೈದದ್ದು.

ಈ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಮಟ್ಟಿಗೆ ಒಂದು ಜೋಡಿ ತೋಳ ಬಂತು. ಆಮೇಲೆ ಚಿಗರಿಗಳಿಗೆ ನಿಂತು ಮೇಯುವ ಪುರಸತ್ತು ಉಳಿಯಲಿಲ್ಲ. ಒಂದು ಬಾಯಿ ಹಾಕುವುದು, ಕಿವಿ ನಿಮಿರಿಸುವುದು, ಓಡುವುದು. ಹಂದಿಗಳು ತಮ್ಮ ಮರಿಗಳನ್ನು ಕಟ್ಟಿಕೊಂಡು ಬೇರೆ ಸೀಮೆಗೆ ಹೋದವು. ಶಾರದವ್ವನ ಕಡಲೆ ಮೊಳಕಾಲಿಗೆ ಬಂತು, ಹೂ ಬಿಟ್ಟಿತು, ಕಾಯಿ ಕಟ್ಟಿತು. ಹೊಲದ ಆಚೆ ಹಿಂದೆಂದೋ ಮೊರಂ ಮಣ್ಣು ಅಗೆದು ಬಿಟ್ಟ ಕುಣಿಯ ದಂಡೆಯಲ್ಲಿ, ಒಂದು ಮುಳ್ಳಿನ ಕಾರೀಕಂಟಿಯ ಬುಡದಲ್ಲಿ, ಹೆಣ್ಣು ತೋಳ ಬಿಲ ತೋಡಿ ಮರಿ ಹಾಕಿದ್ದನ್ನೂ ಅವಳು ನೋಡಿದಳು. ಅಂದಿನಿಂದ ಅದಕ್ಕೆ ಅವಳಿಟ್ಟ ಹೆಸರು ‘ಬಾಣಂತಿ’.

“ಬ್ಯಾಡಗ್ಯಾಗ ಒಬ್ಬ ವಾಚ್‌ಮನ್, ಇಲ್ಲೊಬ್ಬ ವಾಚ್‌ಮನ್,” ಎನ್ನುತ್ತಿದ್ದಳು ಶಾರದವ್ವ. “ಇಲ್ಲಿಂದು ಸ್ವಲ್ಪ ಎಚ್ಚರ ಇರತೈತಿ.”

ಸಂಕ್ರಾಂತಿ ಮುಗಿದ ಮೇಲಿನ ಒಂದು ಭಾನುವಾರ. ಗಿರಿಯಪ್ಪನ ಕಣದ ತುಂಬ ಮೆಣಸಿನಕಾಯಿ ಹರಡಿತ್ತು. ಶಾರದವ್ವ, ರೇಣುಕವ್ವ, ಪಕ್ಕದ ಮನೆಯ ಖತೀಜಾಬಿ ಮೂವರೂ ಕೂತು ಹಾಳು ಕಾಯಿ ಆರಿಸುತ್ತಿದ್ದರು. ಖತೀಜಾಬಿಯ ಗಂಡ ಫಕ್ಕೀರಸಾಬ ಬ್ಯಾಡಗಿ ಪೇಟೆಯಲ್ಲಿ ಬಹಳ ವರ್ಷ ಹಮಾಲಿ ಮಾಡಿ, ಈಗ ಊರಿನವರ ಕಾಯಿಯನ್ನು ಪೇಟೆಗೆ ಸಾಗಿಸುವ ಕೆಲಸ ಮಾಡುತ್ತಾನೆ. ಅವನೂ ಚೀಲ ಎಣಿಸುವ ನೆಪದಲ್ಲಿ ಚಹಾಕ್ಕಾಗಿ ಬಂದು ಕುಕ್ಕರಗಾಲಲ್ಲಿ ಕೂತಿದ್ದ.

ಗಿರಿಯಪ್ಪ ಕುರಿ ದೊಡ್ಡಿಯ ಕಡೆಯಿಂದ ದಾಪುಗಾಲು ಹಾಕುತ್ತ ಬಂದ.

“ಒಯ್ತು! ತೋಳ ಕರೇ ಮರಿ ಒಯ್ತು! ನಾ ನೋಡ ನೋಡಾಕತ್ತಿದ್ದಂಗ ಒಯ್ತು!”

“ನೋಡಾಕತ್ತಿದ್ರ ಬಿಡಸ್ಕೊಬೇಕಾಗಿತ್ತಿಲ್ಲೋ ಮಾಮಾ?” ಎಂದಳು ಶಾರದವ್ವ.

“ನಾ ದೂರ ಇದ್ನಿ. ಬೀಡಿ ಸೇದಾಕತ್ತಿದ್ನಿ.”

“ಹಂಗಾದ್ರ ಬೀಡಿ ಒಯ್ತು ಅನ್ನು.”

ಗಿರಿಯಪ್ಪ ಅವಳ ಮಾತು ಕೇಳಿಸಿಕೊಳ್ಳಲಿಲ್ಲ. “ಸಾಕಾತು. ನಾಳೆ ಮುಂಜಾನಿ ಅದರ ಬಿಲದ ಬಾಯಾಗ ಬೆಂಕಿ ಹಾಕಿ ಮೆಣಸಿನಕಾಯಿ ಹೊಗಿ ಕೊಡತೀನಿ. ತಾಯಿ, ಮರಿ ಎಲ್ಲಾ ಹೊರಗ ಬರ್ಲಿ. ಬಡಿಗಿ ಹಿಡದು ನಿಂತ್ಕೊಳೂದು, ಒಂದನ್ನೂ ಬಿಡೂದಿಲ್ಲ.”

ಕಾಯಿ ಆರಿಸುತ್ತಿದ್ದ ಶಾರದವ್ವನ ಕೈ ನಿಂತಿತು. “ಬಾಣಂತಿಗೆ ಹೊಗಿ ಹಾಕೂದು ನಮ್ಮಾಗೂ ಐತಿ ಮಾಮಾ. ಆದ್ರ ಲೋಬಾನ ಹಾಕತಾರ. ಮೆಣಸಿನಕಾಯಿ ಹಾಕಿದ್ದು ಕೇಳಿಲ್ಲ.”

“ನಗು ನೀ. ನಿನ್ನ ಕುರಿಯಲ್ಲ ಹೋಗಿದ್ದು.”

ಅದು ಖರೇ ಆಗಿತ್ತು. ಅವನ ಕುರಿ ಹೋಗಿತ್ತು. ತೋಳ ಹೋದರೆ ಇವಳ ಕಡಲೆ ಹೋಗುತ್ತಿತ್ತು. ಶಾರದವ್ವ ಖತೀಜಾಬಿಯ ಕಡೆ ನೋಡಿದಳು. ಖತೀಜಾಬಿ ಬಾಗಿ, ಕಿವಿಯ ಹತ್ತಿರ ಪಿಸುಗುಟ್ಟಿದಳು: “ಫಾರೆಸ್ಟ್‌ನವರಿಗೆ ಒಂದು ಫೋನ್ ಹಚ್ಚಿದ್ರ ಮುಗೀತಲ್ಲ?”

“ಹಚ್ಚಿದ್ರ ಮಾಮಾ ಸೀದಾ ಹಾವೇರಿ ಜೇಲಿಗೆ. ಅಕ್ಕ ಜಲ್ಮದಾಗ ನನ್ನ ಮಾರಿ ನೋಡೂದಿಲ್ಲ. ಈತನೂ ಉಳೀಬೇಕು, ಅದೂ ಉಳೀಬೇಕು.”

ಅಷ್ಟರಲ್ಲಿ ಫಕ್ಕೀರಸಾಬ ಚಹಾದ ಕಪ್ಪು ಕೆಳಗಿಟ್ಟು, ಪೇಟೆಯ ಅನುಭವ ಇರುವ ಮನುಷ್ಯನ ಗತ್ತಿನಲ್ಲಿ ಒಂದು ಮಾತು ಹೇಳಿದ. “ಹೊಗಿ ಹಾಕೂದಾದ್ರ ಗುಂಟೂರ ಕಾಯಿ ಬೇಕ್ರಿ. ನಾಳೆ ಬರುವಾಗ ಒಂದು ಚೀಲ ತರಲೇನು? ಅದರ ಘಾಟಿಗೆ ತೋಳ ಬಿಡ್ರಿ, ಆನಿ ಹೊರಗ ಬರತೈತಿ.”

ಶಾರದವ್ವನ ಮುಖದಲ್ಲಿ ದೀಪ ಹತ್ತಿದ್ದನ್ನು ಖತೀಜಾಬಿ ಮಾತ್ರ ಕಂಡಳು.

“ಹೌದ್ ನೋಡ್ರಿ ಅಣ್ಣಾರ!” ಎಂದಳು ಶಾರದವ್ವ. “ಗುಂಟೂರ ಕಾಯಿನ ತರ್ರಿ. ಖಾರ ಅಂದ್ರ ಅದು. ನಮ್ಮ ಮಾಮಾನ ಕಾಯಿ ಏನೈತಿ? ನೋಡಾಕ ಚೆಂದ. ಪಾಪ, ತೋಳದ ಮರಿಗೆ ಅದು ಗುಲಾಲ ಎರಚಿದಂಗ ಆಗತೈತಿ.”

ರೇಣುಕವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಏನಂದಿ?” ಎಂದ ಗಿರಿಯಪ್ಪ.

“ಸಿಟ್ಟಿಗೇಳಬ್ಯಾಡ ಮಾಮಾ. ಎಲ್ಲಾರಿಗೂ ಎಲ್ಲಾ ಕೊಡೂದಿಲ್ಲ ದೇವ್ರು. ನಿನ್ನ ಕಾಯಿಗೆ ಬಣ್ಣ ಕೊಟ್ಟಾನ.”

“ಖಾರ ಇಲ್ಲಂತೀಯೇನು?”

“ನಾ ಅಂದಿಲ್ಲ. ಫಕ್ಕೀರಸಾಬಣ್ಣ ಅಂದ್ರು.”

“ನಾ ಎಲ್ಲಿ ಅಂದ್ನಿರಿ!” ಎಂದು ಫಕ್ಕೀರಸಾಬ ಕುಕ್ಕರಗಾಲಲ್ಲೇ ಹಿಂದಕ್ಕೆ ಸರಿದ. ಖತೀಜಾಬಿ ಒಂದು ಕಾಯಿಯನ್ನು ಮುರಿದು ಬಾಯಿಗೆ ಹಾಕಿಕೊಂಡು, ಕಡಲೆ ಜಗಿದ ಹಾಗೆ ಆರಾಮಾಗಿ ಜಗಿದಳು. “ರುಚಿ ಐತ್ರಿ,” ಎಂದಳು ಬಹಳ ಮರ್ಯಾದೆಯಿಂದ. “ಒಂಚೂರು ಸಿಹಿ ಬರತೈತಿ.”

ಅಷ್ಟು ಸಾಕಾಯಿತು. ಗಿರಿಯಪ್ಪ ಕಣದ ನಡುವೆ ನಿಂತು ಎರಡೂ ಕೈಯಲ್ಲಿ ಕಾಯಿ ಬಾಚಿಕೊಂಡು ಎತ್ತಿ ಹಿಡಿದ. “ಪರಊರ ಕಾಯಿ ನನ್ನ ಸೀಮಿಯೊಳಗ ಬಂದ್ರ ನಾ ಗಿರಿಯಪ್ಪ ಅಲ್ಲ! ಇದ, ಇದ ಕಾಯಿ ಹಾಕತೀನಿ. ಊರ ಮಂದಿ ಎಲ್ಲಾ ಬರ್ರಿ. ಬ್ಯಾಡಗಿ ಕಾಯಿ ಏನು ಅನ್ನೂದು ತೋಳಕ್ಕೂ ಗೊತ್ತಾಗ್ಲಿ, ನಿಮಗೂ ಗೊತ್ತಾಗ್ಲಿ. ನಾಳೆ ಮುಂಜಾನಿ!”

“ನಾಳೆ ಸೋಮವಾರ, ಬ್ಯಾಡಗಿ ಪ್ಯಾಟಿ,” ಎಂದಳು ಶಾರದವ್ವ ಮೆಲ್ಲಗೆ. “ನೀ ಇಲ್ದಿದ್ರ ಅಲ್ಲಿ ನಿನ್ನ ಕಾಯಿ ಮುಂದ ನಿಂತು ಹೊಗಳಾವ್ರು ಯಾರು?”

ಗಿರಿಯಪ್ಪ ಯೋಚಿಸಿದ. ಅದು ನಿಜವೇ. “ಹಂಗಾದ್ರ ಮಂಗಳವಾರ,” ಎಂದ.

ಸೋಮವಾರ ಗಂಡಸರು ಚೀಲಗಳ ಜೊತೆ ಬ್ಯಾಡಗಿಗೆ ಹೋದ ಮೇಲೆ ಶಾರದವ್ವ, ಖತೀಜಾಬಿ ಇಬ್ಬರೂ ಬುತ್ತಿ ಕಟ್ಟಿಕೊಂಡು ಮಟ್ಟಿಯ ಕಡೆ ನಡೆದರು. ಮನುಷ್ಯರ ಸುಳಿವು ಹತ್ತಿದರೆ ತೋಳ ಆ ಜಾಗದಲ್ಲಿ ಇರುವುದಿಲ್ಲ, ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಬಿಲಕ್ಕೆ ಸಾಗಿಸುತ್ತದೆ. ಕುರಿ ಕಾಯ್ದವರಿಗೆಲ್ಲ ಗೊತ್ತಿರುವ ಮಾತು ಇದು. ಹಾಗಾದರೆ ಸುಳಿವು ಕೊಟ್ಟರಾಯಿತು.

ಬಿಲಕ್ಕೆ ಒಂದಿಷ್ಟು ದೂರದಲ್ಲಿ ಖತೀಜಾಬಿ ನಿಂತುಬಿಟ್ಟಳು. “ಈಗೇನು ಮಾಡೂದು? ಚೀರಬೇಕೇನು?”

“ಚೀರೂದೇನು ಬ್ಯಾಡ. ದಿನಾ ಮಾತಾಡಿದಂಗ ಮಾತಾಡಿದ್ರ ಸಾಕು.”

ಕೂತರು. ಮಾತಾಡಿದರು. ಖತೀಜಾಬಿಯ ಸೊಸೆ ಶಬನಮ್ ಅಡಿಗೆ ಮಾಡುವಾಗ ಮೊಬೈಲು ನೋಡಿ ಉಪ್ಪು ಹಾಕುತ್ತಾಳೆ, ಮೊಬೈಲಿನವಳು ಎಷ್ಟು ಮಂದಿಗೆ ಅಡಿಗೆ ಮಾಡುತ್ತಿದ್ದಾಳೋ ಅಷ್ಟು ಉಪ್ಪು ಇವರ ಮನೆಯ ನಾಲ್ಕು ಮಂದಿಗೆ ಬೀಳುತ್ತದೆ ಎಂಬಲ್ಲಿಂದ ಸುರುವಾದದ್ದು, ಮೇಡ್ಲೇರಿಯ ಬೀಗರು ಹೊಳೆಯ ದಂಡೆಯಲ್ಲಿದ್ದೂ ಬಂದವರಿಗೆ ನೀರು ಕೇಳುವುದಿಲ್ಲ ಎಂಬಲ್ಲಿಗೆ ಬಂದು, ರಾಣೇಬೆನ್ನೂರಿನ ಬಸ್ಸಿನಲ್ಲಿ ಸೀಟು ಹಿಡಿಯಲು ಟವೆಲ್ ಹಾಕುವವರ ಮೇಲೆ ಬಹಳ ಹೊತ್ತು ನಿಂತಿತು. ನಡುವೆ ರೊಟ್ಟಿ ತಿಂದರು. ಶಾರದವ್ವ ತನ್ನ ಹಳೆಯ ಸೀರೆಯ ತುಂಡೊಂದನ್ನು ಕಂಟಿಗೆ ಕಟ್ಟಿದಳು.

ಮಧ್ಯಾಹ್ನ ಇಳಿಯುವಾಗ ಎದುರಿನ ದಿಬ್ಬದ ಮೇಲೆ ಬಾಣಂತಿ ಕಾಣಿಸಿತು. ಒಣಹುಲ್ಲಿನದೇ ಬಣ್ಣ. ಕಾಲು ಉದ್ದ, ಮೈ ಸಣ್ಣ, ಕಿವಿ ಎರಡೂ ಇವರ ಕಡೆಗೇ. ಹಾಲು ಕುಡಿಸಿ ಕುಡಿಸಿ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಕೂತು ನೋಡಿತು. ಆಮೇಲೆ ಮುಂಗಾಲಿನ ಮೇಲೆ ಗದ್ದ ಇಟ್ಟು ಮಲಗಿಬಿಟ್ಟಿತು.

“ಅದಕ್ಕ ನಿದ್ದಿ ಬಂತಲ್ಲೇ!” ಎಂದಳು ಖತೀಜಾಬಿ ಗಾಬರಿಯಾಗಿ.

“ನಿನ್ನ ಸೊಸಿ ಸುದ್ದಿ ಬಿಡು, ಬ್ಯಾರೆ ಏನರ ತಗಿ. ತೋಳಕ್ಕೂ ತೂಕಡಿಕಿ ಬರಸ್ತಿ ನೀ.”

ಹೊತ್ತು ಮುಳುಗುವ ಮುಂಚೆ ಇಬ್ಬರೂ ಎದ್ದು ಕಡಲೆ ಹೊಲದ ಬದುವಿನ ಹಿಂದೆ ಬಂದು ಬಗ್ಗಿ ಕೂತರು. ತೋಳ ಇಳಿದು ಬಂತು. ಇವರು ಕೂತ ಜಾಗ ಮೂಸಿತು, ಸೀರೆಯ ತುಂಡು ಮೂಸಿತು, ಮೂಗು ಸಿಂಡರಿಸಿದಂತೆ ಮಾಡಿತು. (“ನಿನ್ನ ಸೀರಿ ಒಗಿಯೂದು ಯಾವಾಗ?” ಎಂದಳು ಖತೀಜಾಬಿ.) ಬಿಲದೊಳಗೆ ಹೋಗಿ, ಒಂದು ಮರಿಯನ್ನು ಕುತ್ತಿಗೆ ಹಿಡಿದು ತೂಗಾಡಿಸುತ್ತ ಹೊರಗೆ ಬಂದು ಹುಲ್ಲಿನೊಳಗೆ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೊಂದನ್ನು ಒಯ್ದಿತು. ಕತ್ತಲಾಗುತ್ತ ಬಂತು. ಇನ್ನು ಬಿಲದ ಬಾಯಿ ಕಾಣುತ್ತಿರಲಿಲ್ಲ.

“ಎಲ್ಲಾ ಒಯ್ದಂಗಾತೇನು?” ಎಂದಳು ಖತೀಜಾಬಿ.

“ಯಾರಿಗೊತ್ತು. ಎಷ್ಟು ಹಡದೈತಿ ಅಂತ ನಾವೇನು ತೊಟ್ಟಿಲಕ್ಕ ಹಾಕಾಕ ಹೋಗಿದ್ವೇನು?”

ಮನೆಗೆ ಬಂದರೂ ಶಾರದವ್ವನಿಗೆ ಆ ಯೋಚನೆ ಬಿಡಲಿಲ್ಲ. ಒಂದೇ ಒಂದು ಒಳಗೆ ಉಳಿದಿದ್ದರೂ ನಾಳೆ ಬಡಿಗೆ ಹಿಡಿದವರ ನಡುವೆ ಬಂದು ಬೀಳುತ್ತದೆ.

ಮಂಗಳವಾರ ಮುಂಜಾನೆ ಮಟ್ಟಿಯಲ್ಲಿ ಜಾತ್ರೆಗಿಂತ ಹೆಚ್ಚು ಮಂದಿ ಇದ್ದರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತಾರಲ್ಲ, ಇಲ್ಲಿ ತೋಳ ಬೀಳುವ ಮೊದಲೇ ಆಳಿಗೊಂದು ಬಡಿಗೆ ತಯಾರಾಗಿತ್ತು. ಒಣಸಗಣಿಯ ಕುರುಳು ಒಟ್ಟಿ ಬಿಲದ ಬಾಯಿಗೆ ಒಂದು ಮಾರು ಈಚೆ ಬೆಂಕಿ ಹಾಕಿದ್ದರು. ಗಿರಿಯಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಚೀಲವನ್ನು ತಾನೇ ಬಿಚ್ಚಿ, ಒಂದು ಕಾಯಿ ತೆಗೆದು ಸೂರ್ಯನ ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದ. ತೋಳ ಹೊಡೆಯಲು ಬಂದವನೋ ಕಾಯಿ ಮಾರಲು ಬಂದವನೋ ತಿಳಿಯುವಂತಿರಲಿಲ್ಲ. ಮೊದಲ ಬೊಗಸೆಯನ್ನು ತಾನೇ ಕೆಂಡಕ್ಕೆ ಹಾಕಿದ.

ಘಮ್ಮೆಂದಿತು.

ಅದೇ ತೊಂದರೆ. ಘಾಟು ಬರುವ ಮೊದಲು ಘಮ ಬಂತು. ಹಂಚಿನ ಮೇಲೆ ಕಾಯಿ ಹುರಿದ ಹಾಗೆ, ಚಟ್ನಿ ಅರೆಯುವ ಮುಂಚಿನ ವಾಸನೆ ಇಡೀ ಮಟ್ಟಿಗೆ ಹಬ್ಬಿತು. ಆಡು ಸಾಕಿಕೊಂಡಿದ್ದ ಶಾಕೀರ ಬಡಿಗೆಗೆ ಗದ್ದ ಊರಿಕೊಂಡು ನಿಂತಿದ್ದವನು, “ಚಾಚಾ, ರೊಟ್ಟಿ ತರಬೇಕಾಗಿತ್ತಲ್ರಿ,” ಎಂದ.

ಮಂದಿ ಗೊಳ್ಳೆಂದು ನಕ್ಕರು. ಗಿರಿಯಪ್ಪನ ಮುಖ ಅವನ ಕಾಯಿಯ ಬಣ್ಣಕ್ಕೆ ಬಂತು. “ಸುರೀರಿ! ಪೂರಾ ಚೀಲ ಸುರೀರಿ!”

“ತಡಿ ಮಾಮಾ,” ಎಂದು ಶಾರದವ್ವ ಮುಂದೆ ಬಂದಳು. ಅವಳ ಕೈಯಲ್ಲಿ ಮೊರ ಇತ್ತು. ಹಿಂದೆ ಖತೀಜಾಬಿ, ಅವಳ ಕೈಯಲ್ಲೂ ಮೊರ. “ಒಲಿ ಮುಂದ ಗಂಡಸರದೇನು ಕೆಲಸ? ಗಾಳಿ ಹಾಕೂದು ನಿಮಗ ತಿಳೀತೈತೇನು? ನಾವು ಬೆಂಕಿ ನೋಡ್ಕೋತೀವಿ. ನೀವು ಬಡಿಗಿ ಹಿಡಕೊಂಡು ಅತ್ತಾಗ ನಿಂದರ್ರಿ.”

ಒಲೆಯ ಕೆಲಸ ಹೆಂಗಸರದು ಎಂದರೆ ಇಲ್ಲ ಅನ್ನುವ ಗಂಡಸು ಕುಪ್ಪೇಲೂರಿನಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲರೂ ಸಂತೋಷದಿಂದ ಸರಿದು ಶಾರದವ್ವ ತೋರಿಸಿದ ಜಾಗಕ್ಕೆ, ಬಿಲದ ಪಡುವಲಿಗೆ, ಸಾಲಾಗಿ ನಿಂತರು. ಈ ದಿನಗಳಲ್ಲಿ ಬೀಸುವುದು ಮೂಡಗಾಳಿ ಎಂಬುದು ಕಾಳು ತೂರುವವರಿಗೆಲ್ಲ ಗೊತ್ತು. ಆದರೆ ಬಡಿಗೆ ಹಿಡಿದು ನಿಂತವನಿಗೆ ಗಾಳಿಯ ನೆನಪು ಎಲ್ಲಿರುತ್ತದೆ?

ಹೆಂಗಸರಿಬ್ಬರೂ ಚೀಲ ಸುರಿದು, ಬಿಲಕ್ಕೆ ಬೆನ್ನು ಹಾಕಿ, ಮೊರ ಬೀಸತೊಡಗಿದರು.

ಬ್ಯಾಡಗಿ ಕಾಯಿಯನ್ನು ಕಡಿಮೆ ಅನ್ನಬಾರದು. ಒಂದು ಕಾಯಿಗೆ ಖಾರ ಕಡಿಮೆ ಇರಬಹುದು. ಒಂದು ಚೀಲ ಕಾಯಿ ಒಟ್ಟಿಗೆ ಸುಟ್ಟು, ಮೂಡಗಾಳಿಯ ಜೊತೆಗೆ ಎರಡು ಮೊರ ಸೇರಿದರೆ ಅದೂ ತನ್ನ ಮಾನ ಉಳಿಸಿಕೊಳ್ಳುತ್ತದೆ. ಹೊಗೆ ದಪ್ಪ ಕಂಬಳಿಯಂತೆ ಎದ್ದು ಗಂಡಸರ ಸಾಲಿನ ಮೇಲೆ ಬಿತ್ತು. ಮೊದಲು ಸೀನಿದವನು ಶಾಕೀರ. ಆಮೇಲೆ ಯಾರು ಸೀನಿದರು, ಯಾರು ಕೆಮ್ಮಿದರು ಎಂದು ಹೇಳುವುದು ಕಷ್ಟ. ಬಡಿಗೆಗಳು ನೆಲಕ್ಕೆ ಬಿದ್ದವು. ಗಿರಿಯಪ್ಪ ಎರಡೂ ಕಣ್ಣಲ್ಲಿ ನೀರು ಸುರಿಸುತ್ತ, ಎದೆ ಹಿಡಿದು ಕೆಮ್ಮುತ್ತ, ನಡುನಡುವೆ ಕೂಗುತ್ತಿದ್ದ:

“ನೋಡ್ರಿ... ಖೊಕ್... ಖಾರ ನೋಡ್ರಿ! ಯಾರೋ ಅದು... ಖೊಕ್ ಖೊಕ್... ಸಿಹಿ ಅಂದಾವ್ರು?”

ಇಷ್ಟು ಹೆಮ್ಮೆಯಿಂದ ಕೆಮ್ಮಿದ ಮನುಷ್ಯನನ್ನು ಆ ಸೀಮೆ ಕಂಡಿರಲಿಲ್ಲ.

ಆಗಲೇ ಶಾರದವ್ವನ ಬೆನ್ನ ಹಿಂದೆ ಒಂದು ಸಣ್ಣ ಸೀನು ಕೇಳಿಸಿತು.

ತಿರುಗಿ ನೋಡಿದಳು. ಬಿಲದ ಬಾಯಲ್ಲಿ ಒಂದು ಮರಿ. ಬೆಕ್ಕಿನಷ್ಟು ಗಾತ್ರ, ಮಣ್ಣಿನ ಬಣ್ಣ, ಒಂದು ಕಿವಿ ನಿಂತಿತ್ತು, ಇನ್ನೊಂದು ಇನ್ನೂ ನಿಲ್ಲಬೇಕಿತ್ತು. ಮತ್ತೆ ಸೀನಿತು. ಸೀನಿದ ಜೋರಿಗೆ ಹಿಂದಕ್ಕೆ ಕೂತುಬಿಟ್ಟಿತು. ಗಂಡಸರು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಉಜ್ಜಿ ಮುಗಿಸಿ ಕಣ್ಣು ಬಿಡಲು ಎಷ್ಟು ಹೊತ್ತು?

ಕುರುಳು ತಂದ ಬುಟ್ಟಿ ಅಲ್ಲೇ ಇತ್ತು. ಶಾರದವ್ವ ಅದನ್ನು ಮರಿಯ ಮೇಲೆ ಬೋರಲು ಹಾಕಿದಳು. ತಲೆ ಎತ್ತಿದರೆ ಎದುರಿಗೆ ಅಕ್ಕ ರೇಣುಕವ್ವ ನಿಂತಿದ್ದಾಳೆ, ಕೈಯಲ್ಲಿ ಗಂಡನಿಗೆಂದು ತಂದ ನೀರಿನ ತಂಬಿಗೆ.

“ಏನದು?”

“ಬುಟ್ಟಿ.”

“ಬುಟ್ಟಿ ಸೀನಾಕತ್ತೇತಲ್ಲ?”

ಶಾರದವ್ವ ಬುಟ್ಟಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಖತೀಜಾಬಿಯ ಮೊರವೂ ನಿಂತಿತು. ಹೋದದ್ದು ರೇಣುಕವ್ವನ ಮನೆಯ ಕುರಿ; ಕೂಗಬೇಕಾದವಳು ಅವಳೇ. ರೇಣುಕವ್ವ ಬುಟ್ಟಿಯ ಸಂದಿಯಿಂದ ಹೊರಗೆ ಬಂದಿದ್ದ ಒಂದು ಪುಟ್ಟ ಮೂಗನ್ನು ನೋಡಿದಳು. ದೂರದಲ್ಲಿ ಗಂಡ, “ಇದು ಕಾಯಿ! ಇದಕ್ಕಂತಾರ ಕಾಯಿ!” ಎಂದು ಕೆಮ್ಮುತ್ತಿದ್ದ. ಮದುವೆಯಾದ ದಿನದಿಂದ ಅವಳು ಆ ಮಾತು ಕೇಳುತ್ತ ಬಂದಿದ್ದಳು.

“ಸರಿ ಅತ್ತಾಗ,” ಎಂದು ಬುಟ್ಟಿಯ ಪಕ್ಕದಲ್ಲಿ ಕೂತು, ಅದರ ಮೇಲೆ ಮೊಳಕೈ ಊರಿ, ಸೆರಗು ಹರವಿಕೊಂಡಳು. “ನನ್ನ ಮಣಕಾಲ ನೋಯಾಕತ್ತಾವು.”

ಗಿರಿಯಪ್ಪ ಕಣ್ಣೊರೆಸಿಕೊಳ್ಳುತ್ತ ಬಂದ. ಬುಟ್ಟಿಯೊಳಗಿಂದ ಕುಂಯ್ ಎಂಬ ಸದ್ದು ಬಂತು.

“ಏನು ಸಪ್ಪಳ ಅದು?”

“ನನ್ನ ಹೊಟ್ಟಿ,” ಎಂದಳು ರೇಣುಕವ್ವ. “ಮುಂಜಾನಿಂದ ಏನೂ ತಿಂದಿಲ್ಲ. ತೋಳ ಹೊಡಿಯಾಕಂತ ಎಬ್ಬಿಸ್ಕೊಂಡು ಬಂದಿ.”

ಮತ್ತೆ ಕುಂಯ್ ಅಂದಿತು. ಖತೀಜಾಬಿ ತಟ್ಟನೆ ಜೋರಾಗಿ ಕೆಮ್ಮಿದಳು. ಶಾರದವ್ವ ಅವಳಿಗಿಂತ ಜೋರಾಗಿ ಕೆಮ್ಮಿದಳು. ರೇಣುಕವ್ವನೂ ಶುರು ಮಾಡಿದಳು. ಮೂವರೂ ಬಗ್ಗಿ ಬಗ್ಗಿ ಕೆಮ್ಮುವುದನ್ನು ನೋಡಿ ಗಿರಿಯಪ್ಪನ ಎದೆ ಉಬ್ಬಿತು.

“ಗುಂಟೂರ ಬೇಕಾಗಿತ್ತಂತ ಇವರಿಗೆ!” ಎಂದ.

ಒಂದು ಗಳು ತಂದು ಬಿಲದೊಳಗೆ ತಿವಿದು ನೋಡಿದರು. ಖಾಲಿ. ಬಡಿಗೆ ತಂದವರಿಗೆ ನಿರಾಸೆಯಾಯಿತು. ಆದರೆ ಗಿರಿಯಪ್ಪನಿಗೆ ಆಗಲಿಲ್ಲ. ಅವನು ದಂಡೆಯ ಮೇಲೆ ಹತ್ತಿ ನಿಂತ. “ತಿಳೀತೇನ್ರಪಾ? ಒಂದೂ ಇಲ್ಲ! ಬರೇ ಚೀಲ ಬಿಚ್ಚಿದ ವಾಸನಿಗೆ ಓಡಿ ಹೋಗ್ಯಾವು. ಈ ಹೊತ್ತಿಗೆ ಜಿಲ್ಲಾ ದಾಟಿರಬೇಕು!”

ಮಂದಿ ಹೋದ ಮೇಲೆ ಮೂವರು ಹೆಂಗಸರೂ ಬುಟ್ಟಿಯನ್ನು ತಿರುವಿ, ಅದರೊಳಗೆ ಮರಿ ಇಟ್ಟು, ಜೋಪಾನವಾಗಿ ಹೊತ್ತು ನಡೆದು, ನಿನ್ನೆ ತೋಳ ಹೋದ ದಿಕ್ಕಿನಲ್ಲಿ, ಹುಲ್ಲಿನ ಅಂಚಿನ ಒಂದು ಕಂಟಿಯ ನೆರಳಿನಲ್ಲಿ ಮರಿಯನ್ನು ಬಿಟ್ಟರು. ಸಂಜೆಯತನಕ ಕಡಲೆಯ ಸಾಲಿನಲ್ಲಿ ಕೂತು ಕಾದರು. ಒಬ್ಬರೂ ಮಾತಾಡಲಿಲ್ಲ, ಖತೀಜಾಬಿಗೆ ಎರಡು ಸಲ ಬಾಯಿಗೆ ಬಂದದ್ದನ್ನು ಶಾರದವ್ವ ಚಿವುಟಿ ನಿಲ್ಲಿಸಿದಳು. ಬಿಸಿಲು ಹಳದಿಯಾದಾಗ ಬಾಣಂತಿ ಬಂತು. ಮರಿಯನ್ನು ಮೂಸಿತು, ನೆಕ್ಕಿತು. ನೆಕ್ಕಿದ್ದೇ ತಲೆ ಕೊಡವಿ ಒಂದು ದೊಡ್ಡ ಸೀನು ಸೀನಿತು. ಆಮೇಲೆ ಕುತ್ತಿಗೆ ಹಿಡಿದು ಎತ್ತಿಕೊಂಡು ಹೋಯಿತು.

“ನಿನ್ನ ಗಂಡ ಗೆದ್ದ ಬಿಡಕ್ಕಾ,” ಎಂದಳು ಶಾರದವ್ವ. “ತೋಳಕ್ಕ ಸೀನು ಬರಿಸಿದ.”

ಗಿರಿಯಪ್ಪನ ಕಾಯಿಯ ಕೀರ್ತಿ ಗುರುವಾರದ ಪೇಟೆಗೆ ಬ್ಯಾಡಗಿ ತಲುಪಿತು. ತಲುಪಿಸಿದವನು ಫಕ್ಕೀರಸಾಬ. ಅವನ ಬಾಯಲ್ಲಿ ತೋಳ ಹಿಂಡಾಯಿತು, ಹೊಗೆ ಮೋಡವಾಯಿತು. ಹಮಾಲರು ಚೀಲ ಇಳಿಸುವಾಗ, “ಯಾವ ಗಿರಿಯಪ್ಪರು? ತೋಳ ಓಡಿಸಿದ ಗಿರಿಯಪ್ಪರೇನು?” ಎಂದು ಕೇಳತೊಡಗಿದರು. ಖರೀದಿದಾರನೊಬ್ಬ ಕಾಯಿಯನ್ನು ಮೂಸಿ ನೋಡಿ, ಹುಷಾರಾಗಿ ದೂರ ಹಿಡಿದನಂತೆ. ಗಿರಿಯಪ್ಪ ಹೊಸ ರುಮಾಲು ತಂದ. ಹೋಟೆಲಿನ ಕಟ್ಟೆಯ ಮೇಲೆ ಆ ಮುಂಜಾನೆಯ ಕಥೆಯನ್ನು, ಕೆಮ್ಮಿನ ಸಮೇತ, ಕೇಳಿದವರಿಗೂ ಕೇಳದವರಿಗೂ ಹೇಳಿದ.

ಹೀಗಿರುವಾಗ ಒಂದು ಮುಂಜಾನೆ ಶಾರದವ್ವ ಹೊಲದಲ್ಲಿ ಸುಲಗಾಯಿ ಸುಡುತ್ತಿದ್ದಳು. ಗಿಡ ಸಮೇತ ಕಿತ್ತ ಹಸಿ ಕಡಲೆಯನ್ನು ಬೆಂಕಿಗೆ ಹಾಕಿ ಹೊರಳಿಸುತ್ತಿದ್ದಾಗ ಗಿರಿಯಪ್ಪ ಬಂದು ಕೂತ. ರುಮಾಲು ಓರೆಯಾಗಿತ್ತು. ಒಂದೊಂದೇ ಕಾಯಿ ಸುಲಿದು ತಿಂದ.

“ಏನ ಮಾಮಾ, ಮಾರಿ ಯಾಕ ಹಂಗಾಗೇತಿ?”

“ನಮ್ಮ ಮೆಣಸಿನಕಾಯಿ ಹೊಲದಾಗ ಹಳೇ ಬಾವಿ ಒಡ್ಡು ಐತಲ್ಲ. ಅದರ ಬುಡಕ ಒಂದು ನಾಯಿ ಮರಿ ಹಾಕೇತಿ.”

“ಎಂಥಾ ನಾಯಿ?”

“ನಾಯಿ.”

“ಯಾರ ಮನಿದು?”

“ಯಾರ ಮನಿದೂ ಅಲ್ಲ.” ಗಿರಿಯಪ್ಪ ಸುತ್ತ ನೋಡಿದ. “ಕಾಲು ಉದ್ದ ಅದಾವು. ಬೊಗಳೂದಿಲ್ಲ. ಬಾಲ ಕೆಳಗ ಬಿಟ್ಟಿರತೈತಿ.”

“ಹಂಗಾದ್ರ ಅದು...”

“ನಾಯಿ ಅಂದ್ನಿಲ್ಲೇನು!”

ಶಾರದವ್ವ ಬೆಂಕಿಯನ್ನು ಕೋಲಿನಿಂದ ಕೆದಕಿದಳು. ಊರ ಸೀಮೆಯನ್ನೆಲ್ಲ ಬಿಟ್ಟು ಬಾಣಂತಿ ಮನೆ ಮಾಡಿದ್ದು ಗಿರಿಯಪ್ಪನ ಹೊಲದಲ್ಲೇ! ನಗು ತಡೆಯುವುದು ಸೀನು ತಡೆಯುವುದಕ್ಕಿಂತ ಕಷ್ಟ. “ಹೊಗಿ ಹಾಕೋಣೇನು ಮಾಮಾ? ನಿನ್ನ ಕಾಯಿ ಐತಲ್ಲ. ನಾ ಮೊರ ತರತೀನಿ.”

“ಏ, ಹುಚ್ಚಿ! ಈಗ ಹೊಗಿ ಹಾಕಿದ್ರ ಮಂದಿ ಏನಂತಾರ? ಮೊನ್ನಿ ಹಾಕಿದ್ದು ಏನಾತು ಅಂತಾರ. ಬ್ಯಾಡಗಿಗೆ ಹೋಗಿ ಮಾರಿ ಹೆಂಗ ತೋರಿಸಲಿ ನಾ? ಗಿರಿಯಪ್ಪನ ಕಾಯಿ ಘಾಟಿಗೆ ತೋಳ ಓಡಿ ಅವನ ಹೊಲಕ್ಕ ಹೋತು ಅಂತ ನಗತಾರ.” ಅವನು ದನಿ ತಗ್ಗಿಸಿದ. “ಯಾರ ಮುಂದೂ ಉಸರ ಬಿಡಬ್ಯಾಡ. ನಿನ್ನ ಅಕ್ಕನ ಮುಂದ ಸುದ್ದಾ.”

“ಅಕ್ಕನ ಮುಂದ ಸುದ್ದಾ ಇಲ್ಲ,” ಎಂದು ಶಾರದವ್ವ ಬಹಳ ಗಂಭೀರವಾಗಿ ಮಾತು ಕೊಟ್ಟಳು.

ಅಂದಿನಿಂದ ಆ ಬಾವಿ ಒಡ್ಡಿಗೆ ಗಿರಿಯಪ್ಪನಿಗಿಂತ ದೊಡ್ಡ ಕಾವಲು ಇರಲಿಲ್ಲ. ಊರನಾಯಿಗಳು ಆ ಕಡೆ ಹೋದರೆ ಕಲ್ಲು ಹೊಡೆದು ಅಟ್ಟಿದ. ಕುರಿಗಳನ್ನು ಬೇರೆ ದಿಕ್ಕಿಗೆ ಮೇಯಲು ಬಿಟ್ಟ, ಹಿಂಡಿನ ಜೊತೆ ಕಣ್ಣಿಟ್ಟು ನಿಂತ, ಬೀಡಿ ಕಡಿಮೆ ಮಾಡಿದ. ಶಾಕೀರ ಒಂದು ದಿನ, “ಚಾಚಾ, ನಿಮ್ಮ ಹೊಲದ ಹತ್ರ ತೋಳದ ಹೆಜ್ಜಿ ಕಂಡಂಗಾತ್ರಿ,” ಎಂದಾಗ, “ನಿನ್ನ ಕಣ್ಣು ಅವತ್ತು ಹೊಗಿಗೆ ಹೋಗ್ಯಾವು, ರಾಣೇಬೆನ್ನೂರಿಗೆ ಹೋಗಿ ತೋರಿಸ್ಕೊ,” ಎಂದುಬಿಟ್ಟ. ಇಷ್ಟಾಗಿಯೂ ಮತ್ತೊಂದು ಕುರಿಮರಿ ಹೋದಾಗ ರೇಣುಕವ್ವ ಬೇಕೆಂದೇ ಕೇಳಿದಳು: “ಯಾರು ಒಯ್ದರು?”

“ಹಿಂಡು ಅಂದ ಮ್ಯಾಲ ಒಂದು ಮರಿ ಹೋಗೂದ,” ಎಂದ ಗಿರಿಯಪ್ಪ ಬೇರೆ ಕಡೆ ನೋಡುತ್ತ. “ನಮ್ಮಜ್ಜ ಅದಕ್ಕ ಲೆಕ್ಕಾನ ಇಡತಿದ್ದಿಲ್ಲ.”

ಕಡಲೆ ಮಾಗಿತು. ಶಾರದವ್ವ ಕಿತ್ತು, ಒಟ್ಟಿ, ಬಡಿದು, ತೂರಿ, ಚೀಲ ತುಂಬಿದಳು. ಅಂಜಿನಪ್ಪ ವಾರದ ರಜೆಯಲ್ಲಿ ಬಂದವನು ಚೀಲಗಳನ್ನು ನೋಡಿ, “ಬೇಸ್ ಆತು,” ಎಂದ. ಅವನ ಲೆಕ್ಕದಲ್ಲಿ ಅದು ಭಾಷಣ.

ಆ ಸಂಜೆ ಅವಳು ಕೊನೆಯ ಹೊರೆ ಹೊತ್ತುಕೊಂಡು ಹೋಟೆಲಿನ ಮುಂದೆ ಬರುವಾಗ ಕಟ್ಟೆಯ ಮೇಲೆ ಮಂದಿ ಸೇರಿತ್ತು. ಬ್ಯಾಡಗಿಯಿಂದ ಬಂದ ಒಬ್ಬ ವ್ಯಾಪಾರಿ ನಡುವೆ ಕೂತಿದ್ದ. ಗಿರಿಯಪ್ಪ ಅವನಿಗೆ ತೋಳ ಓಡಿಸಿದ ಕಥೆ ಹೇಳುತ್ತಿದ್ದ. ಚೀಲ ಬಿಚ್ಚುವ ಘಟ್ಟಕ್ಕೆ ಬಂದಿತ್ತು ಕಥೆ. ಅಷ್ಟರಲ್ಲಿ ಬಾವಿ ಒಡ್ಡಿನ ದಿಕ್ಕಿನಿಂದ ಒಂದು ಕೂಗು ಎದ್ದಿತು. ಉದ್ದಕ್ಕೆ, ತೆಳ್ಳಗೆ, ಆಕಾಶಕ್ಕೆ ದಾರ ಎಳೆದ ಹಾಗೆ. ಅದರ ಬೆನ್ನಿಗೇ ಮರಿಗಳ ಕೂಗು, ಒಡೆದ ಪೀಪಿಯ ಹಾಗೆ.

ವ್ಯಾಪಾರಿ ಚಹಾದ ಗ್ಲಾಸು ಕೆಳಗಿಳಿಸಿದ. “ಏನ್ರಿ ಅದು? ತೋ...”

ಗಿರಿಯಪ್ಪ ಕೆಮ್ಮತೊಡಗಿದ. ಎದೆ ಹಿಡಿದು, ಬಗ್ಗಿ, ಕಟ್ಟೆ ನಡುಗುವ ಹಾಗೆ ಕೆಮ್ಮಿದ. ಕೂಗು ನಿಂತಾಗ ತಾನೂ ನಿಲ್ಲಿಸಿದ.

ಶಾರದವ್ವ ಹೊರೆ ಇಳಿಸದೆಯೇ ನಿಂತಳು. “ಯಾಕ ಮಾಮಾ, ಕಾಯಿ ಘಾಟು ಇನ್ನೂ ಇಳದಿಲ್ಲೇನು?”

“ಬ್ಯಾಡಗಿ ಕಾಯಿ ಅಂದ್ರ ಸುಮ್ಮನ ಅಲ್ಲಬೇ,” ಎಂದ ಗಿರಿಯಪ್ಪ ಕಣ್ಣೊರೆಸಿಕೊಳ್ಳುತ್ತ, ವ್ಯಾಪಾರಿಯ ಕಡೆ ನೋಡಿ. “ವರ್ಷಗಟ್ಟಲೆ ಇರತೈತಿ.”

ಮಟ್ಟಿಯ ಕಡೆಯಿಂದ ಗಂಡು ತೋಳ ಉತ್ತರ ಕೊಟ್ಟಿತು. ಗಿರಿಯಪ್ಪ ರುಮಾಲು ಸರಿಮಾಡಿಕೊಂಡು, ಉಸಿರು ತುಂಬಿಕೊಂಡು, ಮತ್ತೆ ಕೆಮ್ಮಲು ಶುರು ಮಾಡಿದ.